ಟೇಲರ್ ಸಾಹೇಬನ ಲಾಗ್ ಫೈಲ್

ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಅನ್ನೋ ಹಳೆಯ ಬಂಗಲೆ ಇದೆ. ಯಾದಗಿರಿ, ಶಹಾಪುರ, ಸುರಪುರ ಕಡೆಯವರಿಗೆ ಆ ಹೆಸರು ಚಿಕ್ಕಂದಿನಿಂದ ಕೇಳಿ ಗೊತ್ತು. ಬೇರೆ ಜಿಲ್ಲೆಯಿಂದ ಬಂದ ನಮ್ಮ ಕ್ಲಾಸ್‌ಮೇಟ್‌ಗಳಿಗೆ ಟೇಲರ್ ಯಾರು ಅಂತ ಕೇಳಿದರೆ ಮೊದಲ ಸೆಮಿಸ್ಟರ್ ಗಣಿತದ ಟೇಲರ್ ಸೀರೀಸ್ ನೆನಪಾಗುತ್ತೆ. ಅದು ಬೇರೆ ಟೇಲರ್. ಈತ ಕರ್ನಲ್ ಫಿಲಿಪ್ ಮೆಡೋಸ್ ಟೇಲರ್. ಠಕ್ಕರ ಬಗ್ಗೆ ಕಾದಂಬರಿ ಬರೆದು ಇಂಗ್ಲೆಂಡಿನಲ್ಲಿ ಹೆಸರು ಮಾಡಿದವನು, ಹನ್ನೆರಡು ವರ್ಷ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡವನು, ಕಾಲೇಜಿನ ಮುಖ ನೋಡದೆ ಎಂಜಿನಿಯರ್ ಆದವನು.

ಅವನ ಜೀವನದ ಬಗ್ಗೆ ಬರೆಯೋಕೆ ನನಗೆ ಇನ್ನೊಂದು ಕಾರಣನೂ ಇದೆ. ಈ ವರ್ಷ ನಾವು ಆಪರೇಟಿಂಗ್ ಸಿಸ್ಟಮ್ ಓದ್ತಾ ಇದ್ದೀವಿ. ಸೆಕ್ಯುರಿಟಿ ಆಡಿಟ್ ಲಾಗ್ ಅಂದರೆ ಏನು ಅಂತ ಎಲ್ಲರಿಗೂ ಗೊತ್ತು: ಯಾರು ಬಂದರು, ಯಾವಾಗ ಬಂದರು, ಯಾವ ಬಾಗಿಲಿಂದ ಬಂದರು, ಒಳಗೆ ಏನು ಮುಟ್ಟಿದರು ಅಂತ ಸಿಸ್ಟಮ್ ತಾನೇ ಬರೆದಿಟ್ಟುಕೊಳ್ಳುವ ದಿನಚರಿ. ತಮಾಷೆ ಅಂದರೆ ಬಹಳ ಕಡೆ ಆ ದಿನಚರಿ ಅದೇ ಸರ್ವರ್‌ನ ಅದೇ ಡಿಸ್ಕ್ ಮೇಲೆ ಇರುತ್ತೆ. ಡಿಸ್ಕ್ ಹೋದರೆ ಕಳ್ಳನ ಜೊತೆ ಕಳ್ಳನ ಗುರುತೂ ಹೋಯ್ತು. ಆಮೇಲೆ ಅದನ್ನ ಮತ್ತೆ ಕಟ್ಟೋದು ಹೇಗೆ? ಕಟ್ಟಿದ್ದನ್ನ ನಂಬೋದು ಎಷ್ಟು? ಈ ಎರಡು ಪ್ರಶ್ನೆ ತಲೆಯಲ್ಲಿಟ್ಟುಕೊಂಡು ಟೇಲರ್‌ನ ಜೀವನ ಓದಿದರೆ ಅದು ಬೇರೆ ಥರ ಕಾಣುತ್ತೆ.

ಟೇಲರ್ ಹುಟ್ಟಿದ್ದು 1808ರ ಸೆಪ್ಟೆಂಬರ್ 25ರಂದು, ಲಿವರ್‌ಪೂಲ್‌ನಲ್ಲಿ. ಅಪ್ಪ ವ್ಯಾಪಾರಿ, ವ್ಯಾಪಾರ ಮುಳುಗಿತು. ಹದಿನೈದು ವರ್ಷದ ಹುಡುಗನನ್ನ 1824ರಲ್ಲಿ ಬಾಂಬೆಯ ಒಬ್ಬ ವರ್ತಕನ ಹತ್ತಿರ ಗುಮಾಸ್ತನಾಗಿ ಕಳಿಸಿದರು, ಮುಂದೆ ಪಾಲುದಾರ ಆಗ್ತಾನೆ ಅನ್ನೋ ಆಸೆ ಮೇಲೆ. ಇಲ್ಲಿ ಬಂದು ನೋಡಿದರೆ ಆ ವರ್ತಕನೇ ಸಾಲದಲ್ಲಿದ್ದ. ಬಾಂಬೆ ಸರ್ಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಒಬ್ಬ ಸಂಬಂಧಿ ಹೇಗೋ ಮಾಡಿ ಹೈದರಾಬಾದ್ ನಿಜಾಮನ ಸೈನ್ಯದಲ್ಲಿ ಕೆಲಸ ಕೊಡಿಸಿದ. ಹದಿನಾರಕ್ಕೆ ಔರಂಗಾಬಾದ್. ನಮ್ಮ ವಯಸ್ಸಿಗೆ, ಅಂದರೆ ಹತ್ತೊಂಬತ್ತಕ್ಕೆ, ಆತ ಹಿಂದೂಸ್ತಾನಿ ಕಲಿತು ನಿಜಾಮನ ರಾಜ್ಯದ ನೈಋತ್ಯ ಭಾಗದಲ್ಲಿ ಪೊಲೀಸ್ ಅಧಿಕಾರಿ ಆಗಿದ್ದ. ನಾವಿನ್ನೂ ಬ್ಯಾಕ್‌ಲಾಗ್ ಲೆಕ್ಕ ಹಾಕ್ತಾ ಇದ್ದೀವಿ, ಇರಲಿ.

ಮುಂದೆ ಹೈದರಾಬಾದಿನ ಬ್ಯಾಂಕರ್ ವಿಲಿಯಂ ಪಾಮರ್‌ನ ಮಗಳು ಮೇರಿಯನ್ನ ಮದುವೆಯಾದ. ಈ ಪಾಮರ್‌ನ ಅಪ್ಪ ಇಂಗ್ಲಿಷ್ ಜನರಲ್, ತಾಯಿ ಇಲ್ಲಿಯ ಮುಸ್ಲಿಂ ಬೇಗಂ. ಟೇಲರ್ ಈ ನಾಡಿನ ಜನರ ಜೊತೆ ಬೆರೆತ ರೀತಿಗೆ ಈ ಮನೆಯ ಸಂಬಂಧವೂ ಒಂದು ಕಾರಣ ಇರಬೇಕು ಅಂತ ನನಗನಿಸುತ್ತೆ.

ಈಗ ಠಕ್ಕರ ವಿಷಯ. ಇದನ್ನ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕಂದರೆ ಲಾಗ್ ಇಲ್ಲದ ಅಪರಾಧ ಅಂದರೆ ಹೇಗಿರುತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ. ಠಕ್ಕರು ದಾರಿಯಲ್ಲಿ ಹೋಗುವವರ ಜೊತೆ ಸ್ನೇಹ ಬೆಳೆಸಿ, ದಿನಗಟ್ಟಲೆ ಒಟ್ಟಿಗೆ ನಡೆದು, ಒಟ್ಟಿಗೆ ಉಂಡು, ಸರಿಯಾದ ಜಾಗ ಬಂದಾಗ ಕರವಸ್ತ್ರದಿಂದ ಕುತ್ತಿಗೆ ಬಿಗಿದು ಕೊಲ್ಲುತ್ತಿದ್ದರು. ಹೆಣ ಹೂತು ಮುಂದೆ ಹೋಗುತ್ತಿದ್ದರು. ಸತ್ತವನ ಊರು ಒಂದು ರಾಜ್ಯ, ಸತ್ತ ಜಾಗ ಇನ್ನೊಂದು ರಾಜ್ಯ, ಕೊಂದವನ ಮನೆ ಮೂರನೇ ರಾಜ್ಯ. ಯಾವ ಒಂದು ಕಚೇರಿಯಲ್ಲೂ ಪೂರ್ತಿ ಕಥೆ ಇಲ್ಲ. ಮನೆಯವರು ತಿಂಗಳುಗಟ್ಟಲೆ ಕಾದು, ಯಾವುದೋ ರೋಗಕ್ಕೆ ಹೋದ, ಹುಲಿ ತಿಂತು ಅಂದುಕೊಂಡು ಸುಮ್ಮನಾಗುವರು. ರಜೆಗೆ ಅಂತ ಊರಿಗೆ ಹೊರಟ ಸಿಪಾಯಿ ವಾಪಸ್ ಬರದಿದ್ದರೆ ಓಡಿಹೋದ ಅಂತ ತಿಳಿಯುವರು. ಇದನ್ನ ಗಮನಿಸಿ: ದಾಖಲೆ ಇಲ್ಲದೇ ಇರೋದು ಒಂದು ಸಮಸ್ಯೆ, ತಪ್ಪು ದಾಖಲೆ ಇರೋದು ಅದಕ್ಕಿಂತ ದೊಡ್ಡ ಸಮಸ್ಯೆ. ಕೊಲೆಯಾದವನು ರಿಜಿಸ್ಟರ್‌ನಲ್ಲಿ ಅಪರಾಧಿ ಆಗಿಬಿಡ್ತಾನೆ. 1810ರಲ್ಲೇ ಕಂಪನಿ ಸೈನ್ಯದ ಒಬ್ಬ ಜನರಲ್ ಸಿಪಾಯಿಗಳಿಗೆ ರಜೆಗೆ ಹೋಗುವಾಗ ದುಡ್ಡು ಕಟ್ಟಿಕೊಂಡು ಹೋಗಬೇಡಿ, ರಾತ್ರಿ ನಡೆಯಬೇಡಿ ಅಂತ ಆದೇಶ ಹೊರಡಿಸಿದ್ದ. ಅಂದರೆ ಏನೋ ನಡೀತಾ ಇದೆ ಅನ್ನೋ ಗುಮಾನಿ ಇತ್ತು, ಕೈಯಲ್ಲಿ ಏನೂ ಇರಲಿಲ್ಲ.

1830ರ ಹೊತ್ತಿಗೆ ವಿಲಿಯಂ ಸ್ಲೀಮನ್ ಅನ್ನೋ ಅಧಿಕಾರಿ ಮಧ್ಯ ಭಾರತದ ಸಾಗರ್, ಜಬಲ್‌ಪುರ ಕಡೆ ಈ ಜಾಲವನ್ನ ಬಿಚ್ಚೋಕೆ ಶುರು ಮಾಡಿದ. ಅವನ ವಿಧಾನ ಓದಿದಾಗ ನನಗೆ ನಿಜವಾಗ್ಲೂ ಮೈ ಜುಮ್ ಅಂತು. ಸಿಕ್ಕಿಬಿದ್ದ ಠಕ್ಕರಲ್ಲಿ ಕೆಲವರಿಗೆ ಜೀವ ಉಳಿಸುವ ಭರವಸೆ ಕೊಟ್ಟು ಮಾಫಿ ಸಾಕ್ಷಿ ಮಾಡಿಕೊಂಡ. ಒಬ್ಬೊಬ್ಬರನ್ನೂ ಬೇರೆ ಬೇರೆ ಕೂರಿಸಿ, ಯಾವ ವರ್ಷ, ಯಾವ ದಾರಿ, ಎಷ್ಟು ಜನ ಇದ್ದಿರಿ, ಎಷ್ಟು ಜನ ಸತ್ತರು, ಎಲ್ಲಿ ಹೂತಿರಿ ಅಂತ ಬರೆಸಿಕೊಂಡ. ಒಬ್ಬ ಹೇಳಿದ್ದನ್ನ ಇನ್ನೊಬ್ಬನಿಗೆ ತಿಳಿಸದೆ ತಾಳೆ ನೋಡಿದ. ಕುಟುಂಬಗಳ ವಂಶವೃಕ್ಷ ಬರೆದ, ಹೂತ ಜಾಗಗಳ ನಕ್ಷೆ ಮಾಡಿದ. ಕೊನೆಗೆ ಹಾರೆ ಗುದ್ದಲಿ ತಗೊಂಡು ಅಗೆಸಿ ನೋಡಿದ. ಫಿರಂಗಿಯಾ ಅನ್ನೋ ಠಕ್ಕರ ನಾಯಕ ಸೆಲೋಧಾ ಅನ್ನೋ ಊರಿನ ಮಾವಿನ ತೋಪಿನಲ್ಲಿ ಸ್ಲೀಮನ್ ಹೆಂಡತಿ ಜೊತೆ ಟೆಂಟ್ ಹಾಕಿಕೊಂಡಿದ್ದ ಜಾಗದಲ್ಲೇ ಹೆಣಗಳನ್ನ ತೋರಿಸಿಕೊಟ್ಟ.

ನಾಲ್ಕು ಸಾಕ್ಷಿ ಒಂದೇ ಮಾತು ಹೇಳೋದು ಒಂದು ಮಟ್ಟ. ನೆಲ ಅದೇ ಮಾತು ಹೇಳೋದು ಇನ್ನೊಂದು ಮಟ್ಟ.

ಸ್ಲೀಮನ್‌ನ ಈ ಕೆಲಸ ಹೈದರಾಬಾದ್ ಕಡೆಗೂ ಹಬ್ಬಿದಾಗ, 1833ರ ಸುಮಾರಿಗೆ, ಠಕ್ಕರ ಹೇಳಿಕೆ ಬರೆದುಕೊಳ್ಳುವ ಕೆಲಸ ಟೇಲರ್ ಪಾಲಿಗೂ ಬಂತು. ಭಾಷೆ ಬರುತ್ತಿತ್ತು, ಆ ಸೀಮೆ ಗೊತ್ತಿತ್ತು. ದಿನಗಟ್ಟಲೆ ಕೂತು ಕೊಲೆಗಳ ಲೆಕ್ಕ ಕೇಳಿದ. ಅದರಿಂದಲೇ ಮುಂದೆ ಅವನ ಕಾದಂಬರಿ ಹುಟ್ಟಿತು, ಅಮೀರ್ ಅಲಿ ಅನ್ನೋ ಠಕ್ಕ ತಾನೇ ತನ್ನ ಕಥೆಯನ್ನ ಒಬ್ಬ ಸಾಹೇಬನ ಮುಂದೆ ಹೇಳಿಕೊಳ್ಳುವ ಕಾದಂಬರಿ. ರಜೆ ಮೇಲೆ ಇಂಗ್ಲೆಂಡಿಗೆ ಹೋದಾಗ 1839ರಲ್ಲಿ ಅದು ಅಚ್ಚಾಯಿತು. ಚಿಕ್ಕ ವಯಸ್ಸಿನ ವಿಕ್ಟೋರಿಯಾ ರಾಣಿ ಪುಸ್ತಕ ಬರುವ ತನಕ ಕಾಯಲಾರದೆ ಪ್ರೂಫ್ ಹಾಳೆಗಳನ್ನೇ ತರಿಸಿಕೊಂಡು ಓದಿದಳಂತೆ.

ಇಲ್ಲಿ ಎರಡು ಕೊಂಕು ತೆಗೀಲೇಬೇಕು. ಒಂದು, ಠಕ್ಕರ ಲಾಗ್ ಬರೆಸಿದವರು ಠಕ್ಕರೇ. ಹೇಳಿದರೆ ಜೀವ ಉಳಿಯುತ್ತೆ, ಹೇಳದಿದ್ದರೆ ನೇಣು ಅಂತಿರುವಾಗ ಮನುಷ್ಯ ಇದ್ದದ್ದನ್ನಷ್ಟೇ ಹೇಳ್ತಾನಾ? 1836ರ ಕಾಯ್ದೆ ಬಂದ ಮೇಲಂತೂ ಠಕ್ಕರ ಗುಂಪಿಗೆ ಸೇರಿದವನು ಅಂತ ಸಾಬೀತಾದರೆ ಸಾಕು, ಜೀವಾವಧಿ. ನಿರ್ದಿಷ್ಟ ಕೊಲೆಯೇ ಬೇಕಾಗಿರಲಿಲ್ಲ. ಈಗಿನ ಇತಿಹಾಸಕಾರರು ಈ ಹೇಳಿಕೆಗಳನ್ನ ಬಹಳ ಅನುಮಾನದಿಂದ ಓದೋದು ಇದಕ್ಕೇ. ಎರಡು, ಟೇಲರ್ ವಯಸ್ಸಾದ ಮೇಲೆ ಬರೆದ ಆತ್ಮಕಥೆಯಲ್ಲಿ, 1829ರಲ್ಲೇ ತನಗೆ ದಾರಿಯ ಕೊಲೆಗಳ ಸುಳಿವು ಸಿಕ್ಕಿತ್ತು, ಆ ಹೊತ್ತಿಗೆ ಸೈನ್ಯಕ್ಕೆ ವಾಪಸ್ ಕರೆಸಿಕೊಳ್ಳದೇ ಇದ್ದಿದ್ದರೆ ಠಕ್ಕರನ್ನ ಬಯಲಿಗೆಳೆದ ಹೆಸರು ತನಗೇ ಬರ್ತಿತ್ತು ಅನ್ನೋ ಅರ್ಥದಲ್ಲಿ ಹೇಳಿಕೊಂಡಿದ್ದಾನೆ. ಇರಬಹುದು. ಆದರೆ ನಲವತ್ತು ವರ್ಷ ಆದಮೇಲೆ ಬರೆದ ಸಾಲಿಗೆ ಹಳೇ ತಾರೀಖು ಹಾಕಿದರೆ ಅದನ್ನ ನಾವು ಏನಂತೀವಿ? ಬ್ಯಾಕ್‌ಡೇಟ್ ಮಾಡಿದ ಎಂಟ್ರಿ ಅಂತೀವಿ.

ಮಧ್ಯದಲ್ಲಿ ನನ್ನದೊಂದು ಅನುಭವ ಹೇಳಿಬಿಡ್ತೀನಿ. ಹೋದ ರಜೆಯಲ್ಲಿ ಒಂದು ಸಣ್ಣ ಆಫೀಸಿಗೆ ಇಂಟರ್ನ್‌ಶಿಪ್ ಅಂತ ಹೋಗಿದ್ದೆ. ನಾನಿದ್ದ ಎರಡನೇ ವಾರ ಅಲ್ಲಿಯ ಸರ್ವರ್‌ನ ಡಿಸ್ಕ್ ಸತ್ತಿತು. ಡೇಟಾಕ್ಕೆ ಬ್ಯಾಕಪ್ ಇತ್ತು, ಲಾಗ್‌ಗೆ ಇರಲಿಲ್ಲ. ಆ ತಿಂಗಳಲ್ಲಿ ಯಾರೋ ಒಬ್ಬರ ಪಾಸ್‌ವರ್ಡ್ ಕದ್ದು ಒಳಗೆ ಬಂದಿದ್ದಾರೆ ಅನ್ನೋ ಅನುಮಾನ ಇದ್ದಿದ್ದರಿಂದ ಲಾಗೇ ಮುಖ್ಯ ಆಗಿತ್ತು. ಒಬ್ಬ ಹುಡುಗನ ಕೆಲಸ ಅದರ ಮೇಲೆ ನಿಂತಿತ್ತು, ಯಾಕಂದ್ರೆ ಬಳಕೆಯಾಗಿದ್ದು ಅವನ ಅಕೌಂಟು. ಅಲ್ಲಿಯ ಸೀನಿಯರ್ ಮೊದಲು ಮಾಡಿದ ಕೆಲಸ ಅಂದರೆ ಆ ಡಿಸ್ಕಿಗೆ ಒಂದಕ್ಷರವೂ ಬರೆಯದ ಹಾಗೆ ನೋಡಿಕೊಂಡಿದ್ದು. ರಿಪೇರಿ ಕಮಾಂಡ್ ಓಡಿಸಲಿಲ್ಲ. ಡಿಡಿರೆಸ್ಕ್ಯೂ ಹಾಕಿ, ಓದೋಕೆ ಆಗುವ ಭಾಗವನ್ನೆಲ್ಲ ಬೇರೆ ಡಿಸ್ಕಿಗೆ ಇಮೇಜ್ ತೆಗೆದು, ಅದಕ್ಕೆ ಹ್ಯಾಶ್ ಹಾಕಿಟ್ಟು, ಇಮೇಜಿನ ನಕಲಿನ ಮೇಲೆ ಕೆಲಸ ಶುರು ಮಾಡಿದರು. ಲಾಗ್‌ನ ಅರ್ಧ ಚೂರುಚೂರಾಗಿ ಸಿಕ್ಕಿತು. ಉಳಿದಿದ್ದಕ್ಕೆ ಹೊರಗಿನ ಸಾಕ್ಷಿ ಹುಡುಕಿದರು: ಫೈರ್‌ವಾಲ್‌ನ ದಾಖಲೆ, ರೂಟರ್ ಯಾವ ಯಂತ್ರಕ್ಕೆ ಯಾವ ವಿಳಾಸ ಕೊಟ್ಟಿತ್ತು ಅನ್ನೋ ಪಟ್ಟಿ, ಇಮೇಲ್ ಸರ್ವರ್, ಬಾಗಿಲ ಹತ್ತಿರದ ಬೆರಳಚ್ಚು ಹಾಜರಿ ಯಂತ್ರ. ಹಾಜರಿ ಯಂತ್ರದ ಗಡಿಯಾರ ಏಳು ನಿಮಿಷ ಮುಂದಿತ್ತು, ಅದನ್ನ ಸರಿಹೊಂದಿಸೋಕೇ ಒಂದು ಸಂಜೆ ಹೋಯ್ತು. ಕೊನೆಗೆ ಒಂದು ರಾತ್ರಿಯ ಮೂರು ಗಂಟೆ ಏನೂ ಸಿಗಲಿಲ್ಲ. ಅಲ್ಲಿ ಖಾಲಿ ಅಂತಲೇ ಬರೆದರು. ಊಹೆ ಮಾಡಿ ತುಂಬಲಿಲ್ಲ. ಆ ಹುಡುಗನ ಅಕೌಂಟಿನಿಂದ ಲಾಗಿನ್ ಆದ ಹೊತ್ತಿಗೆ ಅವನು ಆಫೀಸಲ್ಲೂ ಇರಲಿಲ್ಲ, ಬಂದ ವಿಳಾಸ ಅವನ ಮನೆಯದ್ದೂ ಅಲ್ಲ ಅಂತ ಗೊತ್ತಾಯ್ತು.

ಸ್ಲೀಮನ್ ಮಾಡಿದ್ದೂ ಇದೇ ಅಲ್ವಾ ಅಂತ ನನಗೆ ಹೊಳೆದಿದ್ದು ಆಮೇಲೆ. ವ್ಯತ್ಯಾಸ ಏನಂದರೆ ಫೈರ್‌ವಾಲ್‌ಗೆ ಸುಳ್ಳು ಹೇಳಿ ಜೀವ ಉಳಿಸಿಕೊಳ್ಳುವ ಅಗತ್ಯ ಇಲ್ಲ.

ಮತ್ತೆ ಟೇಲರ್. ರಜೆ ಮುಗಿಸಿ ಬಂದವನನ್ನ 1841ರಲ್ಲಿ ಸುರಪುರಕ್ಕೆ ಕಳಿಸಿದರು. ಸುರಪುರ ಅಂದರೆ ಸಾಮಾನ್ಯ ಸಂಸ್ಥಾನ ಅಲ್ಲ. 1705ರಲ್ಲಿ ಔರಂಗಜೇಬ್ ತಾನೇ ಬಂದು ಮುತ್ತಿಗೆ ಹಾಕಿದ ಕೊನೆಯ ಕೋಟೆ ಇಲ್ಲಿಯ ವಾಗಿನಗೇರಾ. ದಿಲ್ಲಿ ಬಾದಶಹನನ್ನ ತಿಂಗಳುಗಟ್ಟಲೆ ತಡೆದು ನಿಲ್ಲಿಸಿದ ಬೇಡ ನಾಯಕರ ವಂಶ. ಟೇಲರ್ ಬರುವ ಹೊತ್ತಿಗೆ ರಾಜಾ ಕೃಷ್ಣಪ್ಪ ನಾಯಕರು ತೀರಿಕೊಂಡಿದ್ದರು. ಮಗ ವೆಂಕಟಪ್ಪ ಏಳೆಂಟು ವರ್ಷದ ಹುಡುಗ. ಆಡಳಿತ ಯಾರ ಕೈಲಿರಬೇಕು ಅಂತ ತಾಯಿ ರಾಣಿ ಈಶ್ವರಮ್ಮನಿಗೂ ಚಿಕ್ಕಪ್ಪ ಪಿಡ್ಡ ನಾಯಕರಿಗೂ ಜಗಳ. ನಿಜಾಮನಿಗೆ ಕೊಡಬೇಕಾದ ಹಣ ಬಾಕಿ, ಸಾಲ, ಹನ್ನೆರಡು ಸಾವಿರ ಅಂತ ಹೆಸರಾದ ಬೇಡರ ಪಡೆ ಒಂದು ಕಡೆ. ಟೇಲರ್ ಹತ್ತಿರ ಹೇಳಿಕೊಳ್ಳುವಂಥ ಸೈನ್ಯ ಇರಲಿಲ್ಲ. ರಾಣಿಯನ್ನ ಬದಿಗೆ ಸರಿಸಿ ಪಿಡ್ಡ ನಾಯಕರನ್ನ ಮುಂದಿಟ್ಟುಕೊಂಡು ಆಡಳಿತ ನಡೆಸಿದ.

ರಾಣಿಯ ಬಗ್ಗೆ ಟೇಲರ್ ಬರೆದಿರೋದು ಅಷ್ಟೇನೂ ಒಳ್ಳೇದಿಲ್ಲ. ಹಟಮಾರಿ, ಸಂಚುಗಾರ್ತಿ ಅನ್ನೋ ಥರದ ಚಿತ್ರ. ಇದನ್ನ ಓದುವಾಗ ನನಗೆ ಪ್ರತಿ ಸಲ ಕಾಡುವ ಪ್ರಶ್ನೆ ಒಂದೇ. ಅಧಿಕಾರ ಕಿತ್ತುಕೊಂಡವನ ಡೈರಿಯಲ್ಲಿ ಅಧಿಕಾರ ಕಳಕೊಂಡವಳ ಬಗ್ಗೆ ಇನ್ನೇನು ಇರುತ್ತೆ? ನಮ್ಮ ಪಾಠದಲ್ಲಿ ಇದಕ್ಕೊಂದು ನಿಯಮ ಇದೆ. ಸಿಸ್ಟಮ್ ನಡೆಸುವ ಅಡ್ಮಿನ್ ಕೈಯಲ್ಲಿ ಅವನದೇ ಆಡಿಟ್ ಲಾಗ್ ಇರಬಾರದು. ಲಾಗ್ ಬೇರೆ ಯಂತ್ರಕ್ಕೆ ಆಗಿಂದಾಗಲೇ ಹೋಗಬೇಕು, ಅಡ್ಮಿನ್‌ಗೂ ಅಳಿಸೋಕೆ ಬರಬಾರದು. ನಮ್ಮ ದೇಶದಲ್ಲೂ 2022ರ ಏಪ್ರಿಲ್‌ನಲ್ಲಿ ಸರ್ಟ್-ಇನ್ ಆದೇಶ ಹೊರಡಿಸಿ ಲಾಗ್‌ಗಳನ್ನ 180 ದಿನ ಇಡಲೇಬೇಕು, ಎಲ್ಲ ಗಡಿಯಾರಗಳೂ ಒಂದೇ ಸಮಯಕ್ಕೆ ಹೊಂದಿರಬೇಕು ಅಂತ ಮಾಡಿದೆ. ಸುರಪುರದಲ್ಲಿ 1841ರಿಂದ 1853ರ ತನಕ ಅಡ್ಮಿನ್ ಟೇಲರ್, ನಮಗೆ ಸುಲಭವಾಗಿ ಸಿಗುವ ಲಾಗ್ ಕೂಡ ಟೇಲರ್‌ದೇ.

ಹಾಗಂತ ಅವನು ಮಾಡಿದ ಕೆಲಸ ಚಿಕ್ಕದಲ್ಲ. ಲೆಕ್ಕಪತ್ರ ಹಿಡಿತಕ್ಕೆ ತಂದ, ನ್ಯಾಯ ಹೇಳಿದ, ಸರ್ವೆ ಕಲಿತ, ಕಾನೂನು ಕಲಿತ, ಭೂವಿಜ್ಞಾನ ಓದಿದ. ಎಲ್ಲವೂ ಸ್ವಂತ ಓದು. ಸುರಪುರ ಹತ್ತಿರದ ಬೋನಾಳ ಕೆರೆ ನಾಯಕರ ಕಾಲದ್ದು, ಅದನ್ನ ಸುಧಾರಿಸಿದ್ದು ಟೇಲರ್. ಇವತ್ತು ಅದು ಪಕ್ಷಿಧಾಮ. ಚಳಿಗಾಲದಲ್ಲಿ ದೂರದ ದೇಶದ ಬಾತುಗಳು ಬಂದಿಳಿಯೋದು ಅದೇ ನೀರಿಗೆ. ಹೆಂಡತಿ ಮೇರಿ 1844ರಲ್ಲಿ ತೀರಿಕೊಂಡಳು. ಹೆಣ್ಣುಮಕ್ಕಳು ಇಂಗ್ಲೆಂಡಿನಲ್ಲಿ, ಆತ ಇಲ್ಲಿ ಗುಡ್ಡದ ಮೇಲೆ ಒಬ್ಬನೇ. ಆ ಒಂಟಿತನದಲ್ಲೇ ಇರಬೇಕು, ಸುತ್ತಲಿನ ಕಲ್ಲುಗಳನ್ನ ನೋಡೋಕೆ ಶುರು ಮಾಡಿದ.

ನನ್ನ ಲೆಕ್ಕದಲ್ಲಿ ಟೇಲರ್‌ನ ಅತ್ಯಂತ ಒಳ್ಳೆ ಲಾಗ್ ಇದೇ. ರಾಜನಕೋಳೂರಿನಲ್ಲಿ ದೊಡ್ಡ ದೊಡ್ಡ ಕಲ್ಲು ಚಪ್ಪಡಿ ನಿಲ್ಲಿಸಿ ಮೇಲೊಂದು ಮುಚ್ಚಿ ಕಟ್ಟಿದ ಮನೆಯಂಥವು ಇವೆ. ಜನ ಮೋರ್ಯರ ಮನೆ ಅಂತಾರೆ, ಕುಳ್ಳರ ಒಂದು ಜನಾಂಗ ಅಲ್ಲಿ ವಾಸವಿತ್ತು ಅಂತ ನಂಬಿಕೆ. ಶಹಾಪುರದ ಹತ್ತಿರ ವಿಭೂತಿಹಳ್ಳಿಯಲ್ಲಿ ಬಂಡೆಗಳನ್ನ ಸಾಲು ಹಿಡಿದು ಇಟ್ಟ ಬಯಲೇ ಇದೆ. ಭೀಮಾ ತೀರದ ಜೇವರ್ಗಿ ಕಡೆ ಸಮಾಧಿಗಳಿವೆ. ಟೇಲರ್ ಇವನ್ನ ಅಗೆಸಿ, ಅಳತೆ ತೆಗೆದು, ಚಿತ್ರ ಬರೆದು, 1850ರ ದಶಕದ ಮೊದಲಲ್ಲೇ ಬಾಂಬೆಯ ಏಷ್ಯಾಟಿಕ್ ಸೊಸೈಟಿ ಪತ್ರಿಕೆಯಲ್ಲಿ ಪ್ರಕಟಿಸಿದ. ಇವು ಶಿಲಾಯುಗದ ನಂತರದ ಬೃಹತ್ ಶಿಲಾ ಸಮಾಧಿ ಸಂಸ್ಕೃತಿಯವು ಅಂತ ನಾವೀಗ ಓದ್ತೀವಿ. ದಕ್ಷಿಣ ಭಾರತದಲ್ಲಿ ಅವನ್ನ ಅಷ್ಟು ಕ್ರಮವಾಗಿ ನೋಡಿದ ಮೊದಲಿಗರಲ್ಲಿ ಈತನೂ ಒಬ್ಬ. ಇದನ್ನ ಯಾಕೆ ಒಳ್ಳೆ ಲಾಗ್ ಅಂದೆ ಅಂದರೆ, ಅವನ ಮಾತು ನಂಬಬೇಕಾಗಿಲ್ಲ. ಟೇಪ್ ತಗೊಂಡು ರಾಜನಕೋಳೂರಿಗೆ ಹೋಗಿ ನಾವೇ ಅಳೆಯಬಹುದು. ಕಲ್ಲು ಒಡೆಯುವವರ ಕೈಗೆ ಸಿಕ್ಕು ಯಾವುದಾದರೂ ಬಂಡೆ ಹೋಗಿದ್ದರೆ ಅದಕ್ಕೆ ಉಳಿದ ಬ್ಯಾಕಪ್ ಈ ಹಾಳೆಗಳೇ.

ಹುಡುಗ ರಾಜ ಇವನ ಕಣ್ಣ ಮುಂದೆಯೇ ಬೆಳೆದ. ಇವನನ್ನ ಅಪ್ಪಾ ಅಂತ ಕರೀತಿದ್ದ. ಜಾತಕ ನೋಡಿದ ಪಂಡಿತರು ಇಪ್ಪತ್ನಾಲ್ಕನೇ ವರ್ಷ ದಾಟುವುದಿಲ್ಲ ಅಂದಿದ್ದರಂತೆ, ಅದನ್ನ ಬಹಳ ಕೆಲವರೇ ಗುಟ್ಟಾಗಿ ಇಟ್ಟುಕೊಂಡಿದ್ದರಂತೆ. ಇದೂ ಟೇಲರ್ ಹೇಳುವ ಮಾತೇ. 1853ರಲ್ಲಿ ರಾಜನಿಗೆ ಆಡಳಿತ ಒಪ್ಪಿಸಿ ಟೇಲರ್ ನಳದುರ್ಗಕ್ಕೆ ಹೋದ. ಅಲ್ಲಿ ಇಡೀ ಜಿಲ್ಲೆಯ ಭೂಮಿ ಸರ್ವೆ ಮಾಡಿಸಿದ, ಸ್ಥಳೀಯ ಹುಡುಗರಿಗೆ ತಾನೇ ತರಬೇತಿ ಕೊಟ್ಟು. 1857ರ ದಂಗೆ ಬಂದಾಗ ಬೇರಾರಿನ ಬುಲ್ಢಾಣಾದಲ್ಲಿದ್ದ. ಸೈನ್ಯದ ಸಹಾಯ ಇಲ್ಲದೆ ಆ ಭಾಗವನ್ನ ಶಾಂತವಾಗಿಟ್ಟ.

ಸುರಪುರ ಶಾಂತವಾಗಿರಲಿಲ್ಲ. 1857ರ ನವೆಂಬರ್‌ನಲ್ಲಿ ಹಲಗಲಿಯ ಬೇಡರು ಆಯುಧ ಒಪ್ಪಿಸಲ್ಲ ಅಂತ ಎದ್ದಿದ್ದರು. ಸುರಪುರದಲ್ಲಿ ವೆಂಕಟಪ್ಪ ನಾಯಕರು ಅರಬರನ್ನ, ರೋಹಿಲರನ್ನ ಕೂಡಿಸುತ್ತಿದ್ದಾರೆ ಅಂತ ಬ್ರಿಟಿಷರಿಗೆ ಸುದ್ದಿ ಹೋಯ್ತು. ಬುದ್ಧಿ ಹೇಳೋಕೆ ಅಂತ ಕ್ಯಾಪ್ಟನ್ ರೋಸ್ ಕ್ಯಾಂಪ್‌ಬೆಲ್ ಬಂದ. ಆಮೇಲೆ 1858ರ ಫೆಬ್ರವರಿಯಲ್ಲಿ ಸೈನ್ಯವೇ ಬಂತು. ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ನಾಯಕರು ಕೆಲವೇ ಸವಾರರ ಜೊತೆ ರಾತ್ರಿ ಹೈದರಾಬಾದಿಗೆ ಹೊರಟರು. ಅಲ್ಲಿ ಸಿಕ್ಕಿಬಿದ್ದರು. ದಿವಾನ ಸಾಲಾರ್ ಜಂಗ್ ಅವರನ್ನ ಬ್ರಿಟಿಷರಿಗೆ ಒಪ್ಪಿಸಿದ.

ಸಿಕಂದರಾಬಾದಿನ ಸೆರೆಯಲ್ಲಿ ಟೇಲರ್ ರಾಜನನ್ನ ನೋಡಿದ. ಸರ್ಕಾರಕ್ಕೆ ಬೇಕಾಗಿದ್ದು ಒಂದೇ, ಹೆಸರುಗಳು. ನಿನ್ನ ಹಿಂದೆ ಯಾರಿದ್ದರು, ಯಾರ ಪತ್ರ ಬಂತು, ಯಾರು ಎತ್ತಿಕಟ್ಟಿದರು. ಹೇಳಿದರೆ ಶಿಕ್ಷೆ ಕಡಿಮೆ ಆಗುವ ದಾರಿ ಇತ್ತು. ನಾಯಕರು ಹೇಳಲಿಲ್ಲ. ಸಾಕಿದ ಟೇಲರ್ ಕೇಳಿದರೂ ಹೇಳಲಿಲ್ಲ. ಜೀವ ಬೇಡಲ್ಲ ಅಂದರು, ಕಳ್ಳನ ಹಾಗೆ ನೇಣು ಹಾಕೋದು ಬೇಡ, ತೋಪಿನ ಬಾಯಿಗೆ ಕಟ್ಟಿ ಹಾರಿಸಿ ಅಂತ ಮಾತ್ರ ಕೇಳಿಕೊಂಡರು. ಇಪ್ಪತ್ತಮೂರು, ಇಪ್ಪತ್ನಾಲ್ಕರ ವಯಸ್ಸು. ನಮ್ಮ ಕಾಲೇಜಿನ ಪಿಎಚ್‌ಡಿ ಹುಡುಗರಿಗಿಂತ ಚಿಕ್ಕವರು.

ಠಕ್ಕರ ಕಥೆಯನ್ನ ಇದರ ಪಕ್ಕದಲ್ಲಿ ಇಟ್ಟು ನೋಡಿ. ಅಲ್ಲಿ ಜೀವ ಉಳಿಯಲಿ ಅಂತ ಮಾಫಿ ಸಾಕ್ಷಿಗಳು ಸಾಲುಸಾಲು ಹೆಸರು ಹೇಳಿದರು, ಪುಸ್ತಕಗಳೇ ತುಂಬಿದವು. ಇಲ್ಲಿ ಒಬ್ಬ ಹುಡುಗ ಬಾಯಿ ಬಿಡಲಿಲ್ಲ, ಲಾಗ್ ಖಾಲಿ ಉಳಿಯಿತು. ಟೇಲರ್ ಆ ಖಾಲಿಯನ್ನ ತನ್ನ ಊಹೆಯ ಹೆಸರುಗಳಿಂದ ತುಂಬದೆ, ಹೇಳಲಿಲ್ಲ ಅಂತಲೇ ಬರೆದಿದ್ದಾನೆ. ಅವನ ಮೇಲಿನ ನನ್ನ ಅನುಮಾನ ಕಡಿಮೆಯಾಗೋದು ಇಂಥ ಜಾಗದಲ್ಲಿ. ತನಗೆ ಸೋಲಾದ ಸಾಲನ್ನೂ ಅಳಿಸದವನು ಅಂತ ಒಂದು ನಂಬಿಕೆ ಹುಟ್ಟುತ್ತೆ.

ಮರಣದಂಡನೆ ಮೊದಲು ಜೀವಾವಧಿ ಗಡೀಪಾರಿಗೆ ಇಳಿಯಿತು, ಆಮೇಲೆ ಗವರ್ನರ್ ಜನರಲ್ ಅದನ್ನೂ ಇಳಿಸಿ ಮದ್ರಾಸಿನ ಹತ್ತಿರದ ಚೆಂಗಲ್‌ಪಟ್ಟು ಕೋಟೆಯಲ್ಲಿ ನಾಲ್ಕು ವರ್ಷ ಸೆರೆ ಅಂತ ಮಾಡಿದ. ಕರೆದುಕೊಂಡು ಹೋಗುವ ದಾರಿಯಲ್ಲಿ, ಒಂದು ಕ್ಯಾಂಪಿನಲ್ಲಿ, ಕಾವಲು ಅಧಿಕಾರಿ ತನ್ನ ರಿವಾಲ್ವರ್ ಬಿಟ್ಟು ಹೊರಗೆ ಹೋದಾಗ ಒಳಗೆ ಗುಂಡಿನ ಸದ್ದಾಯಿತು. ರಾಜಾ ವೆಂಕಟಪ್ಪ ನಾಯಕರು ತಾವೇ ಹಾರಿಸಿಕೊಂಡರು ಅಂತ ಟೇಲರ್ ಬರೆಯುತ್ತಾನೆ. ಆದರೆ ಟೇಲರ್ ಅಲ್ಲಿರಲಿಲ್ಲ. ಅವನಿಗೆ ಸುದ್ದಿ ಬಂತು, ಅದನ್ನ ಬರೆದ. ಅಂದರೆ ಇದು ಬೇರೆ ಯಂತ್ರದಿಂದ ಫಾರ್ವರ್ಡ್ ಆಗಿ ಬಂದ ಸಾಲು. ಮೂಲ ಯಂತ್ರ ಆ ಟೆಂಟು. ಅದರೊಳಗೆ ಇದ್ದವರು ಒಬ್ಬರೇ, ಅವರು ಸತ್ತರು. ಹೊರಗಿದ್ದು ಹೇಳಿದವರು ಕಾವಲಿನವರು, ಅಂದರೆ ಆ ಸಾವಿಗೆ ಉತ್ತರ ಕೊಡಬೇಕಾದವರು. ಸುಳ್ಳು ಅಂತ ಹೇಳೋಕೆ ನನ್ನ ಹತ್ತಿರ ಯಾವ ಆಧಾರವೂ ಇಲ್ಲ. ಆದರೆ ನಮ್ಮ ಇಂಟರ್ನ್‌ಶಿಪ್ ಸೀನಿಯರ್ ಆಗಿದ್ದರೆ ಈ ಸಾಲಿನ ಮುಂದೆ ಪೆನ್ಸಿಲ್‌ನಲ್ಲಿ ಒಂದು ಗುರುತು ಹಾಕಿ, ಎರಡನೇ ಮೂಲ ಸಿಕ್ಕಿಲ್ಲ ಅಂತ ಬರೆದಿರ್ತಿದ್ದರು.

ಟೇಲರ್‌ನನ್ನ ಮತ್ತೆ ಸುರಪುರ, ರಾಯಚೂರು ಭಾಗಕ್ಕೆ ಕಮಿಷನರ್ ಮಾಡಿ ಕಳಿಸಿದರು. ತಾನು ಹನ್ನೆರಡು ವರ್ಷ ಕಟ್ಟಿದ್ದನ್ನ ಮುಟ್ಟುಗೋಲಿನ ಲೆಕ್ಕದಲ್ಲಿ ನೋಡೋದು ಹೇಗಿತ್ತೋ. ಆರೋಗ್ಯ ಕೆಟ್ಟು 1860ರಲ್ಲಿ ಇಂಗ್ಲೆಂಡಿಗೆ ಹೋದ. ಅದೇ ವರ್ಷ ಬ್ರಿಟಿಷರು ಸುರಪುರವನ್ನ ನಿಜಾಮನಿಗೆ ಕೊಟ್ಟುಬಿಟ್ಟರು. ಅಲ್ಲಿಗೆ ನಾಯಕರ ಸಂಸ್ಥಾನ ಮುಗಿಯಿತು. ಟೇಲರ್ ಅಲ್ಲಿ ಕೂತು ಕಾದಂಬರಿ ಬರೆದ, ಭಾರತದ ಇತಿಹಾಸದ ಪಠ್ಯಪುಸ್ತಕ ಬರೆದ, ಬಿಜಾಪುರ ಮತ್ತು ಧಾರವಾಡ ಸೀಮೆಯ ಕಟ್ಟಡಗಳ ಫೋಟೋ ಪುಸ್ತಕಗಳಿಗೆ ಟಿಪ್ಪಣಿ ಬರೆದ. 1875ರಲ್ಲಿ ಹೈದರಾಬಾದಿಗೆ ಕರೆದರು ಅಂತ ವಯಸ್ಸಾದ ಮೇಲೂ ಇನ್ನೊಮ್ಮೆ ಬಂದ. ಇಲ್ಲೇ ಕಣ್ಣು ಹೋಯ್ತು. ವಾಪಸ್ ಹೋಗುವ ದಾರಿಯಲ್ಲಿ, 1876ರ ಮೇ 13ರಂದು, ಫ್ರಾನ್ಸಿನ ಮಾಂತೋಂನಲ್ಲಿ ತೀರಿಕೊಂಡ.

ಮಗಳು ಆಲಿಸ್ ಆತ್ಮಕಥೆಯನ್ನ 1877ರಲ್ಲಿ ಪ್ರಕಟಿಸಿದಳು. ನಾವು ಟೇಲರ್ ಬಗ್ಗೆ ಹೇಳೋದರಲ್ಲಿ ಬಹುಪಾಲು ಅದರಿಂದ ಬಂದದ್ದು, ಅಂದರೆ ಮುದುಕನ ನೆನಪು, ಮಗಳ ಸಂಪಾದನೆ. ಅದೃಷ್ಟಕ್ಕೆ ಇನ್ನೊಂದು ಪ್ರತಿ ಉಳಿದಿತ್ತು. ಟೇಲರ್‌ನ ಕಸಿನ್ಹೆನ್ರಿ ರೀವ್ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಬರೀತಿದ್ದ. ಟೇಲರ್ ಇಲ್ಲಿಂದ ಆ ಪತ್ರಿಕೆಗೆ ವರದಿ ಕಳಿಸುತ್ತಿದ್ದ, ರೀವ್‌ಗೆ ಪತ್ರ ಬರೀತಿದ್ದ. ಆ ಪತ್ರಗಳು 1947ರಲ್ಲಿ ಪುಸ್ತಕವಾಗಿ ಬಂದವು. ಬರೆದವನು ಅವನೇ ಆದರೂ ಇವು ಆಯಾ ದಿನ ಬರೆದು, ತಾರೀಖು ಹಾಕಿ, ಸಮುದ್ರ ದಾಟಿಸಿದ್ದು. ಒಮ್ಮೆ ಅಂಚೆಗೆ ಹಾಕಿದ ಮೇಲೆ ತಿದ್ದೋಕೆ ಬರಲ್ಲ. ಆತ್ಮಕಥೆಯ ಸುರಪುರದ ಅಧ್ಯಾಯಗಳನ್ನ ಈ ಪತ್ರಗಳ ಪಕ್ಕ ಇಟ್ಟು ಸಾಲುಸಾಲಾಗಿ ತಾಳೆ ನೋಡುವ ಕೆಲಸ ನಮ್ಮಂಥ ಹುಡುಗರು ಒಂದು ಪ್ರಾಜೆಕ್ಟ್ ಥರ ಮಾಡಬಹುದು.

ಪಿಡ್ಡ ನಾಯಕರು, ಈಶ್ವರಮ್ಮ, ವೆಂಕಟಪ್ಪ ನಾಯಕರು ತಮ್ಮ ಕಡೆಯಿಂದ ಇಂಥ ಪತ್ರ ಬರೆದು ಯಾರ ಪೆಟ್ಟಿಗೆಯಲ್ಲಾದರೂ ಇಟ್ಟಿದ್ದರೆ ಅದನ್ನ ಹುಡುಕಬೇಕಾದ ಜಾಗ ಲಂಡನ್ ಅಲ್ಲ. ಸುರಪುರ, ಶಹಾಪುರ, ಯಾದಗಿರಿಯ ಹಳೇ ಮನೆಗಳ ಅಟ್ಟ, ಮಠಗಳ ಕಪಾಟು, ಕುಲಕರ್ಣಿ ಮನೆತನಗಳ ಮೋಡಿ ಲಿಪಿಯ ಗಂಟುಗಳು. ನಿಮ್ಮ ಮನೆಯಲ್ಲಿ ಅಂಥ ಗಂಟು ಇದ್ದರೆ ದಯವಿಟ್ಟು ಬಿಸಿಲಿಗೆ ಹಾಕಬೇಡಿ, ಅಂಟು ಹಚ್ಚಬೇಡಿ, ಹರಿದ ತುಂಡು ಎಸೆಯಬೇಡಿ. ಮೊದಲು ಇದ್ದ ಹಾಗೇ ಒಂದೊಂದು ಹಾಳೆಯ ಫೋಟೋ ತೆಗೆದು ಎರಡು ಕಡೆ ಇಡಿ. ಓದೋದು ಆಮೇಲೆ.